ನೆತ್ತಿ ಸುಡುವ ಬಿಸಿಲಿನ ನಾಡಲ್ಲಿ ವಿಟಮಿನ್ ಡಿ ಕೊರತೆ ಹೇಗೆ?

ಪ್ರಶ್ನೆ: ನಾನು ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ, ವಯಸ್ಸು 42. ಸಂಜೆ ಹೊತ್ತಿಗೆ ಕಾಲುನೋವು ಜಾಸ್ತಿ ಅಂತ ಹೋದ ತಿಂಗಳು ಫುಲ್ ಬಾಡಿ ಚೆಕಪ್ ಮಾಡಿಸಿದೆ. ಆಫರ್ ಇತ್ತು, ಮನೆಯವರಿಗೆಲ್ಲ ಮಾಡಿಸಿದೆವು. ವಿಟಮಿನ್ ಡಿ (ಒಂದು ಮಿಲೀ ರಕ್ತದಲ್ಲಿ ಎಷ್ಟು ನ್ಯಾನೋಗ್ರಾಂ ಅನ್ನುವ ಲೆಕ್ಕ) ನನಗೆ 14, ನಮ್ಮವರಿಗೆ 17, ಅತ್ತೆಯವರಿಗೆ (68 ವರ್ಷ) 21. ಮಸ್ಕತ್‌ನಿಂದ ಹೆರಿಗೆಗೆ ಬಂದ ತಂಗಿಗೆ 8. ಅವಳ ಕೂಸಿಗೆ ಈಗ ಎರಡು ತಿಂಗಳು. ಎಲ್ಲರ ರಿಪೋರ್ಟಿನಲ್ಲೂ ಕೆಂಪು ಅಕ್ಷರ. ಡಾಕ್ಟರು ವಾರಕ್ಕೊಂದು 60,000 ಯೂನಿಟ್‌ನ ಪುಡಿ ಪ್ಯಾಕೆಟ್ ಬರೆದಿದ್ದಾರೆ. ಪಕ್ಕದ ಮನೆಯ ಅಜ್ಜಿ ಅದನ್ನೇ ಒಂದು ತಿಂಗಳಿಂದ ದಿನಾ ಕುಡಿಯುತ್ತಿದ್ದಾರೆ, ಮೈಗೆ ಬಲ ಬಂತು ಅಂತಾರೆ. ನಮ್ಮೂರ ಬಿಸಿಲು ನಿಮಗೆ ಗೊತ್ತಲ್ಲ. ಬಿಸಿಲಿರುವ ಬಡ ದೇಶಗಳಲ್ಲೇ ಈ ಕೊರತೆ ದೊಡ್ಡ ಸಮಸ್ಯೆ ಅಂತ ಓದಿದೆ. ಇದು ನಿಜವಾದ ಕಾಯಿಲೆಯಾ, ಇಲ್ಲ ಲ್ಯಾಬ್ ಮತ್ತು ಔಷಧ ಕಂಪನಿಗಳ ವ್ಯಾಪಾರವಾ? ಒಂಬತ್ತನೇ ಕ್ಲಾಸಿನ ಮಗಳಿಗೂ ಟೆಸ್ಟ್ ಮಾಡಿಸಬೇಕಾ?

ಉತ್ತರ: ಮೊದಲು ಪಕ್ಕದ ಮನೆಯ ಅಜ್ಜಿಯ ವಿಷಯ. ಇದನ್ನು ಪೂರ್ತಿ ಓದುವ ಮೊದಲೇ ಎದ್ದು ಅವರ ಮನೆಗೆ ಹೋಗಿ ಬನ್ನಿ. ಆ ಪುಡಿ ವಾರಕ್ಕೊಂದು ಕುಡಿಯಲು ಮಾಡಿದ್ದು, ಅದೂ ಕೆಲವೇ ವಾರ. ವೈದ್ಯರ ಕಣ್ಗಾವಲಿಲ್ಲದೆ ದೊಡ್ಡವರು ದಿನಕ್ಕೆ 4,000 ಯೂನಿಟ್ ದಾಟಬಾರದು ಅಂತ ನಿಯಮ. ಅಜ್ಜಿ ಅದರ 15 ಪಟ್ಟು ಕುಡಿಯುತ್ತಿದ್ದಾರೆ. ಬಿ ಮತ್ತು ಸಿ ವಿಟಮಿನ್ ಹೆಚ್ಚಾದರೆ ಬಹುಪಾಲು ಮೂತ್ರದಲ್ಲಿ ಹೋಗುತ್ತದೆ. ಡಿ ಹಾಗಲ್ಲ, ಕೊಬ್ಬಿನಲ್ಲಿ ಕೂಡುತ್ತಾ ಹೋಗುತ್ತದೆ. ಮಿತಿ ಮೀರಿದಾಗ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ವಾಂತಿ, ಮಂಕು ಬಡಿದಂತಾಗುವುದು, ಕೊನೆಗೆ ಕಿಡ್ನಿಗೆ ಪೆಟ್ಟು. ಇವನ್ನೆಲ್ಲ ಮನೆಯವರು 'ವಯಸ್ಸಾಯ್ತಲ್ಲ' ಅಂದುಕೊಂಡು ಸುಮ್ಮನಿರುವ ಸಾಧ್ಯತೆಯೇ ಹೆಚ್ಚು. ಕಾಶ್ಮೀರದ ವೈದ್ಯರು ಇಂಥ ಪ್ರಕರಣಗಳ ಬಗ್ಗೆ ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದಿದ್ದಾರೆ. ಮೈಕೈ ನೋವಿಗೆಂದು ಲಕ್ಷಗಟ್ಟಲೆ ಯೂನಿಟ್‌ನ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ತೆಗೆದುಕೊಂಡು ಆಸ್ಪತ್ರೆ ಸೇರಿದವರವು. ಅಜ್ಜಿ ಪುಡಿ ನಿಲ್ಲಿಸಲಿ. ಈ ವಾರವೇ ರಕ್ತದ ಕ್ಯಾಲ್ಸಿಯಂ ಮತ್ತು ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯೇಟಿನಿನ್ ನೋಡಿಸಲಿ. ಕ್ಯಾಲ್ಸಿಯಂ ಮಾತ್ರೆಯನ್ನೂ ನುಂಗುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಬೇಕು.

ಈಗ ನಿಮ್ಮ ಪ್ರಶ್ನೆ. ಕಾಯಿಲೆಯಾ, ವ್ಯಾಪಾರವಾ? ಎರಡೂ. ಕಾಯಿಲೆ ಇರುವ ಜಾಗವೇ ಬೇರೆ, ವ್ಯಾಪಾರ ನಡೆಯುವ ಜಾಗವೇ ಬೇರೆ. ನಿಮ್ಮ ಮನೆಯನ್ನೇ ನೋಡಿ. ಆರು ಜನರಲ್ಲಿ ನಾಲ್ವರಿಗೆ ಟೆಸ್ಟ್ ಆಗಿದೆ. ಟೆಸ್ಟ್ ಆಗದ ಇಬ್ಬರು ನಿಮ್ಮ ಮಗಳು ಮತ್ತು ಎರಡು ತಿಂಗಳ ಕೂಸು. ನನಗೆ ಅತಿ ಹೆಚ್ಚು ಚಿಂತೆ ಆ ಕೂಸಿನದೇ.

ಬಿಸಿಲಿನಿಂದ ಶುರು ಮಾಡೋಣ. ವಿಟಮಿನ್ ಡಿ ನಮಗೆ ಮುಖ್ಯವಾಗಿ ಸಿಗುವುದು ಊಟದಿಂದಲ್ಲ, ಚರ್ಮದಿಂದ. ಬಿಸಿಲಿನಲ್ಲಿರುವ ಅತಿನೇರಳೆ ಬಿ ಕಿರಣ ಬರಿ ಚರ್ಮಕ್ಕೆ ಬಿದ್ದಾಗ ಅಲ್ಲಿರುವ ಕೊಬ್ಬಿನಂಥ ಒಂದು ವಸ್ತು ಬದಲಾಗಿ ಡಿ ಆಗುತ್ತದೆ. ಆಮೇಲೆ ಲಿವರ್ ಮತ್ತು ಕಿಡ್ನಿ ಅದನ್ನು ಕೆಲಸಕ್ಕೆ ಬರುವ ರೂಪಕ್ಕೆ ತರುತ್ತವೆ. ಅದರ ದೊಡ್ಡ ಕೆಲಸ ಒಂದೇ: ಕರುಳಿನಿಂದ ಕ್ಯಾಲ್ಸಿಯಂ ಹೀರಿಸುವುದು. ಈ ಬಿ ಕಿರಣ ಗಾಜು ದಾಟುವುದಿಲ್ಲ, ಬಟ್ಟೆಯನ್ನೂ ಸುಲಭಕ್ಕೆ ದಾಟುವುದಿಲ್ಲ. ಸೂರ್ಯ ಕೆಳಗಿದ್ದಾಗ ಗಾಳಿಯ ಪದರವೇ ಅದನ್ನು ಹೀರಿಬಿಡುತ್ತದೆ.

ಇಲ್ಲೇ ನಮ್ಮ ಹಿರಿಯರ ಮಾತೊಂದು ಕೈಕೊಡುವುದು. 'ಎಳೆಬಿಸಿಲು ಒಳ್ಳೆಯದು, ನೆತ್ತಿ ಬಿಸಿಲು ಕೆಟ್ಟದ್ದು' ಅಂತ ಕೇಳಿಯೇ ಬೆಳೆದವರು ನಾವು. ಬೆಳಿಗ್ಗೆ ಏಳಕ್ಕೆ ಪಾರ್ಕಿನಲ್ಲಿ ಕೈ ಬೀಸಿಕೊಂಡು ನಡೆಯುವವರು ಡಿ ವಿಟಮಿನ್ ಕೋಟಾ ಮುಗಿಸಿದೆವು ಅಂದುಕೊಂಡಿರುತ್ತಾರೆ. ನಡಿಗೆಯಿಂದ ಹೃದಯಕ್ಕೆ ಒಳ್ಳೆಯದೇ, ಆದರೆ ಆ ಹೊತ್ತಿನ ಬಿಸಿಲಿನಲ್ಲಿ ಡಿ ತಯಾರಾಗುವುದು ತೀರಾ ಕಡಿಮೆ. ತಿರುಪತಿಯಲ್ಲಿ ಡಾ. ಸಿ.ವಿ. ಹರಿನಾರಾಯಣ್ ಅವರ ತಂಡ ಇದನ್ನೇ ಅಳೆದು ನೋಡಿತ್ತು. ವರ್ಷದ ಯಾವ ಕಾಲದಲ್ಲಾದರೂ ಡಿ ಚೆನ್ನಾಗಿ ತಯಾರಾಗುವುದು ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರ ನಡುವೆ. ತಿರುಪತಿ ಮತ್ತು ದಾವಣಗೆರೆ ಹೆಚ್ಚು ಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ಆದ್ದರಿಂದ ಲೆಕ್ಕ ನಿಮಗೂ ಹೊಂದುತ್ತದೆ. ಆ ಹೊತ್ತಿಗೆ ನೀವು ಕ್ಲಾಸ್‌ರೂಮಿನಲ್ಲಿ, ನಿಮ್ಮವರು ಆಫೀಸಿನಲ್ಲಿ, ಅತ್ತೆಯವರು ಟೀವಿ ಮುಂದೆ. ಊರಿನಲ್ಲಿ ಬಿಸಿಲಿದೆ ನಿಜ, ಅದು ಬೀಳುತ್ತಿರುವುದು ಹೆಂಚಿನ ಮೇಲೆ.

ಗಡಿಯಾರ ನೋಡುವುದಕ್ಕಿಂತ ನೆರಳು ನೋಡುವುದು ಸುಲಭ. ನಿಮ್ಮ ನೆರಳು ನಿಮಗಿಂತ ಗಿಡ್ಡವಿದ್ದರೆ ಡಿ ತಯಾರಾಗುವ ಬಿಸಿಲು, ಉದ್ದವಿದ್ದರೆ ಬರೀ ಬೆಚ್ಚಗಿನ ಬಿಸಿಲು. ನೆರಳು ನಿಮ್ಮಷ್ಟೇ ಉದ್ದವಿದ್ದರೆ ಸೂರ್ಯ 45 ಡಿಗ್ರಿಯಲ್ಲಿದ್ದಾನೆ. ಟ್ಯಾನ್ 45 ಎಷ್ಟು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ದಾವಣಗೆರೆಯಲ್ಲಿ ಏಪ್ರಿಲ್ ಆದರೆ ಒಂಬತ್ತೂವರೆಗೇ ಆ ಮಟ್ಟಕ್ಕೆ ಬರುತ್ತಾನೆ. ಡಿಸೆಂಬರಿನಲ್ಲಿ ಹನ್ನೊಂದರ ಹತ್ತಿರ ಆಗಬೇಕು. ಹಾಗಾಗಿ ಬೇಸಿಗೆಯಲ್ಲಿ ನಡುಮಧ್ಯಾಹ್ನ ನಿಂತು ತಲೆ ಸುತ್ತಿಸಿಕೊಳ್ಳುವ ಅಗತ್ಯವಿಲ್ಲ.

ಬಿಸಿಲಿನ ನಾಡಿನ ಈ ಒಗಟು ಹೊಸದೇನಲ್ಲ. 1922ರಲ್ಲಿ ನಾಸಿಕ್‌ನಲ್ಲಿ ಹಚಿಸನ್ ಮತ್ತು ಷಾ ಎಂಬ ವೈದ್ಯರು ಮೂಳೆ ಬಾಗುವ ರಿಕೆಟ್ಸ್ ರೋಗದ ಬಗ್ಗೆ ಬರೆದರು. ಅವರು ಕಂಡದ್ದು ತಲೆಕೆಳಗಾದ ಚಿತ್ರ. ರೋಗ ಇದ್ದದ್ದು ಚೆನ್ನಾಗಿ ಉಂಡುಟ್ಟ, ಹೆಂಗಸರು ಮಕ್ಕಳನ್ನು ಪರದೆಯೊಳಗೆ ಇಡುವ ಮನೆಗಳಲ್ಲಿ. ಹೊಲದಲ್ಲಿ ದುಡಿಯುವ, ಅರೆಹೊಟ್ಟೆಯ ಬಡವರ ಮಕ್ಕಳ ಕಾಲು ನೆಟ್ಟಗಿತ್ತು. ಲಂಡನ್, ಗ್ಲಾಸ್ಗೋದಂಥ ಹೊಗೆ ತುಂಬಿದ ಊರುಗಳಲ್ಲಿ ಇದು ಕೊಳೆಗೇರಿ ಮಕ್ಕಳ ಕಾಯಿಲೆಯಾಗಿತ್ತು. ಇಲ್ಲಿ ಅದು ಅಂತಸ್ತಿನ ಕಾಯಿಲೆ. ಎರಡಕ್ಕೂ ಕಾರಣ ಒಂದೇ, ಮೈಗೆ ಬಿಸಿಲು ತಾಗದಿರುವುದು.

ನೂರು ವರ್ಷದಲ್ಲಿ ಪರದೆ ರೂಪ ಬದಲಿಸಿದೆ ಅಷ್ಟೆ. ಈಗ ಅದು ಅಪಾರ್ಟ್‌ಮೆಂಟ್, ಟ್ಯೂಷನ್, ಹುಡುಗಿಯರು ಸ್ಕೂಟರ್ ಮೇಲೆ ಹಾಕುವ ಉದ್ದ ಕೈಗವಸು, ಕಪ್ಪಾದೀಯೆ ಎನ್ನುವ ಅಮ್ಮನ ಮಾತು. ಕಪ್ಪು ಚರ್ಮಕ್ಕೆ ಅಷ್ಟೇ ಡಿ ತಯಾರಿಸಲು ಬಿಳಿ ಚರ್ಮಕ್ಕಿಂತ ಜಾಸ್ತಿ ಹೊತ್ತು ಬೇಕು, ಅದೂ ಸೇರಿಕೊಂಡಿತು. ಜೊತೆಗೆ ಹೊಗೆ. 2002ರಲ್ಲಿ ಪ್ರಕಟವಾದ ದೆಹಲಿಯ ಅಧ್ಯಯನವೊಂದು ಎರಡು ಜಾಗದ ಎಳೆ ಮಕ್ಕಳನ್ನು ಹೋಲಿಸಿತು. ಹೊಗೆ ದಟ್ಟವಾಗಿದ್ದ ಮೋರಿ ಗೇಟ್ ಪ್ರದೇಶದ ಮಕ್ಕಳ ಸರಾಸರಿ ಮಟ್ಟ 12 ನ್ಯಾನೋಗ್ರಾಂ ಚಿಲ್ಲರೆ. ಆಗಿನ್ನೂ ಗಾಳಿ ಪರವಾಗಿಲ್ಲ ಅನ್ನುವಂತಿದ್ದ ಗುರುಗ್ರಾಮದ ಮಕ್ಕಳದು 27. ಅದೇ ಸೂರ್ಯ, ನಡುವೆ ಕೆಲವೇ ಹತ್ತು ಕಿಲೋಮೀಟರ್. ನಿಮ್ಮ ತಂಗಿಯ 8 ನನಗೆ ಆಶ್ಚರ್ಯ ತರಲಿಲ್ಲ. ಗಲ್ಫ್‌ನಲ್ಲಿ ವರ್ಷದ ಅರ್ಧ ಭಾಗ ಹೊರಗೆ ಕಾಲಿಡುವಂತಿರುವುದಿಲ್ಲ. ಎಸಿ ಮನೆಯಿಂದ ಎಸಿ ಕಾರು, ಕಾರಿನಿಂದ ಮಾಲ್. ಅಲ್ಲಿನ ಹೆಂಗಸರಲ್ಲಿ, ಸ್ಥಳೀಯರಿರಲಿ ನಮ್ಮವರಿರಲಿ, ಈ ಕೊರತೆ ತೀರಾ ಸಾಮಾನ್ಯ.

ಇನ್ನು ಆ ಕೆಂಪು ಅಕ್ಷರಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಗಲಾಟೆಯೆಲ್ಲ ಇರುವುದು ಇಲ್ಲೇ.

'ಭಾರತದಲ್ಲಿ ನೂರಕ್ಕೆ 70, 80, 90 ಜನರಿಗೆ ಡಿ ಕೊರತೆ' ಅಂತ ಪತ್ರಿಕೆಗಳಲ್ಲಿ ಓದಿರುತ್ತೀರಿ. ಕೊರತೆ ಅಂದರೆ ಎಷ್ಟಕ್ಕಿಂತ ಕೆಳಗೆ ಅನ್ನುವುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ಆಫ್ರಿಕಾ ಖಂಡದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿದ ಲೆಕ್ಕವೊಂದು 2020ರಲ್ಲಿ ಬಂತು. ಗೆರೆಯನ್ನು 12 ನ್ಯಾನೋಗ್ರಾಂಗೆ ಎಳೆದರೆ ನೂರಕ್ಕೆ 18 ಜನ ಕೆಳಗೆ. 20ಕ್ಕೆ ಎಳೆದರೆ 34 ಜನ. 30ಕ್ಕೆ ಎಳೆದರೆ 60ರ ಹತ್ತಿರ. ಜನ ಅವರೇ, ರಕ್ತ ಅದೇ. ಗೆರೆ ಮೇಲೇರಿದ ಹಾಗೆ ರೋಗಿಗಳು ಮೂರು ಪಟ್ಟಾದರು. ನೀವು ಪರೀಕ್ಷೆಯಲ್ಲಿ ಪಾಸ್ ಮಾರ್ಕ್ಸನ್ನು 35ರಿಂದ 75ಕ್ಕೆ ಏರಿಸಿ ನೋಡಿ, ಮಾರನೇ ದಿನ ಇಡೀ ಊರೇ ಟ್ಯೂಷನ್‌ಗೆ ಓಡುತ್ತದೆ, ಅಲ್ವಾ?

ಹಾಗಾದರೆ ಸರಿಯಾದ ಗೆರೆ ಯಾವುದು? ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2011ರ ವರದಿಯಲ್ಲಿ ಹೇಳಿದ್ದು ಇಷ್ಟು: 20 ಇದ್ದರೆ ಹೆಚ್ಚು ಕಡಿಮೆ ಎಲ್ಲರ ಮೂಳೆಗೂ ಸಾಕು. 12ಕ್ಕಿಂತ ಕೆಳಗಿದ್ದರೆ ಅಪಾಯ ಇದೆ. ನಡುವೆ ಇರುವವರಲ್ಲಿ ಕೆಲವರಿಗೆ ಸಾಲದು, ಬಹಳ ಜನರಿಗೆ ಸಾಕು. ಮದುವೆ ಮನೆಯಲ್ಲಿ ಅಡುಗೆ ಭಟ್ಟರು ತಲೆಗಿಷ್ಟು ಅಂತ ಅಕ್ಕಿ ಅಳೆಯುತ್ತಾರಲ್ಲ, ಹಾಗೆ. ಚೆನ್ನಾಗಿ ಉಣ್ಣುವವನಿಗೂ ಸಾಲಲಿ ಅಂತ ಅಳೆದಿರುತ್ತಾರೆ. ಅಷ್ಟು ಉಣ್ಣದೆ ಎದ್ದವರೆಲ್ಲ ಹಸಿದು ಎದ್ದರು ಅನ್ನಲಾಗುತ್ತದಾ? 20 ಅಂದರೆ ಭಟ್ಟರ ಅಳತೆ. ಅದಕ್ಕಿಂತ ಕೆಳಗಿದ್ದವರನ್ನೆಲ್ಲ ರೋಗಿಗಳ ಪಟ್ಟಿಗೆ ಸೇರಿಸಿದ್ದು ಒಂದು ತಪ್ಪು. ಅದೇ 2011ರಲ್ಲಿ ಅಮೆರಿಕದ ಹಾರ್ಮೋನ್ ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿ ಗೆರೆಯನ್ನು ಇನ್ನೂ ಮೇಲೆ, 30ಕ್ಕೆ, ಎಳೆಯಿತು. ನಿಮ್ಮ ಅತ್ತೆಯವರ 21 ಕೆಂಪಾಗಿದ್ದು ಆ ಗೆರೆಯಿಂದ. 2024ರಲ್ಲಿ ಅದೇ ಸೊಸೈಟಿ ಆ ಗೆರೆಗಳನ್ನು ತಾನಿನ್ನು ಒಪ್ಪುವುದಿಲ್ಲ ಅಂತ ಕೈಬಿಟ್ಟಿತು. ಆರೋಗ್ಯವಾಗಿರುವವರಿಗೆ ಸುಮ್ನೆ ಈ ಟೆಸ್ಟ್ ಮಾಡಬೇಡಿ ಅಂತಲೂ ಹೇಳಿತು. ಲ್ಯಾಬ್‌ಗಳ ಪ್ರಿಂಟರ್‌ಗೆ ಮಾತ್ರ ಆ ಸುದ್ದಿ ಇನ್ನೂ ತಲುಪಿದಂತಿಲ್ಲ.

ನಮ್ಮ ದೇಶದ್ದೇ ನಂಬುವಂಥ ಲೆಕ್ಕ ಬೇಕೆಂದರೆ 2016–18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ ಇದೆ. ಅದರಲ್ಲಿ ಗೆರೆ 12. ಆ ಗೆರೆಯ ಕೆಳಗೆ 1ರಿಂದ 4 ವರ್ಷದ ಮಕ್ಕಳಲ್ಲಿ ನೂರಕ್ಕೆ 14, 5ರಿಂದ 9ರವರಲ್ಲಿ 18, 10ರಿಂದ 19ರವರಲ್ಲಿ 24. ಹದಿಹರೆಯದ ಹುಡುಗಿಯರಲ್ಲಿ ಹುಡುಗರಿಗಿಂತ ಬಹಳ ಜಾಸ್ತಿ. 90 ಅಲ್ಲ ನಿಜ. ಆದರೆ ನೂರರಲ್ಲಿ 24 ಅಂದರೆ ಈ ದೇಶದಲ್ಲಿ ಕೋಟಿಗಟ್ಟಲೆ ಮಕ್ಕಳು. ಸಮಸ್ಯೆ ಸುಳ್ಳು ಅಂತ ನಾನು ಹೇಳುವುದಿಲ್ಲ. ಊದಿ ದೊಡ್ಡದು ಮಾಡಿದ ಸಂಖ್ಯೆಯ ಹಿಂದೆ ನಿಜವಾದ ಸಂಖ್ಯೆ ಮರೆಯಾಗಿದೆ ಅನ್ನುವುದು ನನ್ನ ಸಿಟ್ಟು.

ಇದರ ಜೊತೆಗಿರುವ ಇನ್ನೊಂದು ಕಥೆಯನ್ನು ಪುಡಿ ಪ್ಯಾಕೆಟ್ ಮಾರುವವರು ಹೇಳುವುದೇ ಇಲ್ಲ. ಅದು ಕ್ಯಾಲ್ಸಿಯಂ ಕಥೆ.

ನೈಜೀರಿಯಾದ ಜೋಸ್ ಎಂಬ ಊರಿನಲ್ಲಿ ಕಾಲು ಬಾಗಿದ ಮಕ್ಕಳು ಬಹಳ ಇದ್ದರು. ಬಿಸಿಲಿಗೆ ಅಲ್ಲಿ ಬರವಿಲ್ಲ. ಮಕ್ಕಳು ಹೊರಗೇ ಆಡುತ್ತಿದ್ದರು. ಡಾ. ಟಾಮ್ ಥ್ಯಾಚರ್ ಮತ್ತು ಸಂಗಡಿಗರು ಆ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಡಿ, ಒಂದಕ್ಕೆ ಕ್ಯಾಲ್ಸಿಯಂ, ಒಂದಕ್ಕೆ ಎರಡೂ. ಫಲಿತಾಂಶ 1999ರಲ್ಲಿ ಪ್ರಕಟವಾಯಿತು. ಆರು ತಿಂಗಳೊಳಗೆ ಕ್ಯಾಲ್ಸಿಯಂ ತಿಂದವರಲ್ಲಿ ನೂರಕ್ಕೆ 61 ಮಕ್ಕಳ ಮೂಳೆ ಚೇತರಿಸಿಕೊಂಡಿತ್ತು. ಎರಡೂ ಸಿಕ್ಕವರಲ್ಲಿ 58. ಡಿ ಒಂದನ್ನೇ ಪಡೆದವರಲ್ಲಿ 19. ಆ ಮಕ್ಕಳ ದಿನದ ಊಟದಲ್ಲಿದ್ದ ಕ್ಯಾಲ್ಸಿಯಂ ಸುಮಾರು 200 ಮಿಲಿಗ್ರಾಂ ಅಷ್ಟೆ. ಜೋಳ, ಗೆಣಸಿನಂಥ ಊಟ, ಹಾಲಿನ ಹನಿಯೂ ಇಲ್ಲ. ಬಾಂಗ್ಲಾದೇಶದ ಕಾಕ್ಸ್ ಬಜಾರ್ ಹತ್ತಿರದ ಚಕೋರಿಯಾದಲ್ಲೂ ಹೀಗೇ. 1991ರ ಚಂಡಮಾರುತದ ನಂತರ ಪರಿಹಾರಕ್ಕೆಂದು ಹೋದವರ ಕಣ್ಣಿಗೆ ಅಲ್ಲಿನ ಮಕ್ಕಳ ಬಾಗಿದ ಕಾಲು ಬಿತ್ತು. ಹುಡುಕಿದರೆ ಕಾರಣ ಬಿಸಿಲಲ್ಲ, ತಟ್ಟೆ. ಬರೀ ಅನ್ನ, ಹಾಲಿಲ್ಲ.

ಬಡ ದೇಶಗಳಲ್ಲಿ ಡಿ ಕೊರತೆ ಜಾಸ್ತಿ ಕಾಡುವುದಕ್ಕೆ ಇದೇ ಕಾರಣ. ಕ್ಯಾಲ್ಸಿಯಂ ಕಡಿಮೆಯಾದಾಗ ದೇಹ ತನ್ನಲ್ಲಿರುವ ಡಿಯನ್ನು ಬೇಗ ಬೇಗ ಖರ್ಚು ಮಾಡುತ್ತದೆ. ಅಂದರೆ ಊಟ ಸರಿ ಇಲ್ಲದವನಿಗೆ ಡಿ ಮಟ್ಟ 14 ಕೂಡ ಸಾಲದೇ ಹೋಗಬಹುದು, ಹಾಲು ಮೊಸರು ಉಣ್ಣುವವನಿಗೆ ಅದೇ 14 ಏನೂ ಮಾಡದಿರಬಹುದು. ಹರಿನಾರಾಯಣ್ ಅವರು ತಿರುಪತಿ ಸುತ್ತಲ ಹಳ್ಳಿಗಳಲ್ಲಿ ಕಂಡದ್ದೂ ಇದನ್ನೇ. ಹೊಲದಲ್ಲಿ ದುಡಿಯುವವರ ಡಿ ಪಟ್ಟಣದವರಿಗಿಂತ ಮೇಲಿತ್ತು. ಆದರೆ ಕ್ಯಾಲ್ಸಿಯಂ ತೀರಾ ಕಡಿಮೆ. ಸಾಲದ್ದಕ್ಕೆ ಕಾಳುಕಡಿಯಲ್ಲಿರುವ ಫೈಟೇಟ್ ಎಂಬ ಅಂಶ ಇದ್ದ ಕ್ಯಾಲ್ಸಿಯಂ ಅನ್ನೂ ಹೀರಲು ಬಿಡುತ್ತಿರಲಿಲ್ಲ.

ಈ ವಿಷಯದಲ್ಲಿ ಕರ್ನಾಟಕದವರು ಸ್ವಲ್ಪ ಪುಣ್ಯ ಮಾಡಿದ್ದೇವೆ. ನೂರು ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ. ಜೋಳದಲ್ಲಿ 28ರ ಹತ್ತಿರ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತೂ ಇಲ್ಲ. ಮುದ್ದೆ ಬಿಟ್ಟು ಮೂರು ಹೊತ್ತು ಅನ್ನಕ್ಕೆ ಬಂದ ಮನೆ ಎಷ್ಟು ಕಳೆದುಕೊಂಡಿತು ಅಂತ ನೀವೇ ಕಳೆಯುವ ಲೆಕ್ಕ ಮಾಡಿ. ರಾಗಿಯಲ್ಲೂ ಫೈಟೇಟ್ ಇದೆ. ಆದರೆ ಮೊಳಕೆ ಬರಿಸಿ ಒಣಗಿಸಿ ಹಿಟ್ಟು ಮಾಡಿದರೆ ಅದು ಕಡಿಮೆಯಾಗುತ್ತದೆ. ಕೂಸಿಗೆ ರಾಗಿ ಸರಿ ಮಾಡುವಾಗ ನಮ್ಮ ಅಜ್ಜಿಯರು ಮಾಡುತ್ತಿದ್ದದ್ದು ಅದನ್ನೇ. ಎಳೆಬಿಸಿಲಿನ ವಿಷಯದಲ್ಲಿ ಅವರ ಮಾತು ತೆಗೆದುಹಾಕಿದ್ದಕ್ಕೆ ಇಲ್ಲಿ ಮರ್ಯಾದೆ ವಾಪಸ್ ಕೊಟ್ಟಿದ್ದೇನೆ. ದಾವಣಗೆರೆ ಕಡೆ ರೊಟ್ಟಿ ಊಟ ಜಾಸ್ತಿ. ಅಲ್ಲಿ ಮೊಸರು, ಎಳ್ಳಿನ ಪುಡಿ, ನುಗ್ಗೆ ಸೊಪ್ಪಿನ ಪಲ್ಯ ಆ ಕೆಲಸ ಮಾಡುತ್ತವೆ. ಒಂದು ಲೋಟ, ಅಂದರೆ 200 ಮಿಲೀ, ಹಾಲಿನಲ್ಲಿ 240 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ ಇರುತ್ತದೆ. ದೊಡ್ಡವರಿಗೆ ದಿನಕ್ಕೆ 1,000 ಮಿಲಿಗ್ರಾಂ ಬೇಕು ಅನ್ನುವುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಲೆಕ್ಕ. 2013ರಿಂದ ಶಾಲೆಗಳಲ್ಲಿ ಕೊಡುತ್ತಿರುವ ಕ್ಷೀರಭಾಗ್ಯದ ಹಾಲನ್ನು ನಿಮ್ಮ ಶಾಲೆಯಲ್ಲೂ ಹಂಚಿರುತ್ತೀರಿ. ಕೆಲವು ಮಕ್ಕಳು ಅದನ್ನು ಗಿಡಕ್ಕೆ ಸುರಿಯುತ್ತಾರೆ ಅಂತ ಶಿಕ್ಷಕರು ನನ್ನ ಹತ್ತಿರ ದೂರಿದ್ದುಂಟು. ಸುರಿಯಲು ಬಿಡಬೇಡಿ. ಮೂಳೆಯ ಮಟ್ಟಿಗೆ ಆ ಲೋಟ ನಿಮ್ಮ ಚೆಕಪ್ ಪ್ಯಾಕೇಜಿಗಿಂತ ದೊಡ್ಡದು.

ಇನ್ನೊಂದು ಮಾತು ಬೇಗ ಹೇಳಿ ಮುಗಿಸುತ್ತೇನೆ. ಡಿ ಕೊಟ್ಟರೆ ಸಕ್ಕರೆ ಕಾಯಿಲೆ, ಕ್ಯಾನ್ಸರ್, ಟಿಬಿ, ನ್ಯುಮೋನಿಯಾ ಎಲ್ಲ ದೂರ ಅಂತ ಒಂದು ಕಾಲಕ್ಕೆ ನಾವು ವೈದ್ಯರೂ ನಂಬಿದ್ದೆವು. ನಂಬಲು ಕಾರಣವಿತ್ತು. 1997ರಲ್ಲಿ ಇಥಿಯೋಪಿಯಾದಿಂದ ಬಂದ ವರದಿಯಲ್ಲಿ ನ್ಯುಮೋನಿಯಾ ಆದ ಮಕ್ಕಳಲ್ಲಿ ರಿಕೆಟ್ಸ್ ಇರುವ ಸಾಧ್ಯತೆ 13 ಪಟ್ಟು ಹೆಚ್ಚು ಕಂಡಿತ್ತು. ಆಮೇಲೆ ಬಡ ದೇಶಗಳಲ್ಲೇ ದೊಡ್ಡ ಪರೀಕ್ಷೆಗಳು ನಡೆದವು. ಕಾಬೂಲ್‌ನಲ್ಲಿ ಮೂರು ಸಾವಿರ ಕೂಸುಗಳಲ್ಲಿ ಅರ್ಧದಷ್ಟಕ್ಕೆ ಮೂರು ತಿಂಗಳಿಗೊಮ್ಮೆ ಲಕ್ಷ ಯೂನಿಟ್ ಕೊಟ್ಟು ನೋಡಿದರು. ನ್ಯುಮೋನಿಯಾ ಕಡಿಮೆಯಾಗಲಿಲ್ಲ (2012). ಢಾಕಾದಲ್ಲಿ 1,300 ಗರ್ಭಿಣಿಯರ ಮೇಲಿನ ಪರೀಕ್ಷೆ, ಮಕ್ಕಳ ಉದ್ದ ಹೆಚ್ಚಲಿಲ್ಲ (2018). ಮಂಗೋಲಿಯಾದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಶಾಲಾ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳಿಗೆ ಮೂರು ವರ್ಷ ಕೊಟ್ಟರು, ಟಿಬಿ ಸೋಂಕು ತಪ್ಪಲಿಲ್ಲ (2020). ಡಿ ಕಡಿಮೆ ಇದ್ದವರಿಗೆ ಕಾಯಿಲೆ ಜಾಸ್ತಿ ಅನ್ನುವುದು ನಿಜ. ಕಾಯಿಲೆ ಬಿದ್ದವರು, ಬಡವರು, ಮನೆಯೊಳಗೇ ಇರುವವರು, ಅವರಿಗೇ ಡಿ ಕಡಿಮೆ. ಇಲ್ಲಿ ಗಾಡಿ ಯಾವುದು, ಎತ್ತು ಯಾವುದು ಅಂತ ತಿಳಿಯಲು ನಮಗೆ ಇಷ್ಟು ವರ್ಷ ಹಿಡಿಯಿತು. ಮೂಳೆ, ಸ್ನಾಯು, ರಕ್ತದ ಕ್ಯಾಲ್ಸಿಯಂ ಈ ಮೂರರ ಮಟ್ಟಿಗೆ ಡಿಯ ಮಹತ್ವದ ಬಗ್ಗೆ ಅನುಮಾನವೇ ಇಲ್ಲ.

ಈಗ ಒಬ್ಬೊಬ್ಬರಾಗಿ ನಿಮ್ಮ ಮನೆಗೆ ಬರುತ್ತೇನೆ. ಕೂಸು ಮೊದಲು.

ಎದೆಹಾಲು ಅಮೃತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರಲ್ಲಿ ಡಿ ತೀರಾ ಕಡಿಮೆ. ತಾಯಿಯಲ್ಲೇ 8 ಇದ್ದರೆ ಕೂಸು ಹೊಟ್ಟೆಯಿಂದ ತಂದ ಉಳಿತಾಯವೂ ಇಲ್ಲ, ಹಾಲಿನಿಂದ ಬರುವ ಆದಾಯವೂ ಇಲ್ಲ. ಇದರ ಮೇಲೆ ನಮ್ಮ ಬಾಣಂತಿ ಕೋಣೆ. ಕಿಟಕಿ ಮುಚ್ಚಿ, ಕುಲಾವಿ ಹಾಕಿ, ಮೈತುಂಬ ಸುತ್ತಿ, ಗಾಳಿ ಬಿಸಿಲು ಏನೂ ತಾಗದ ಹಾಗೆ ತಿಂಗಳುಗಟ್ಟಲೆ. ವರ್ಷಗಳ ಹಿಂದೆ ನಾನು ಹಳ್ಳಿ ಆಸ್ಪತ್ರೆಯಲ್ಲಿದ್ದಾಗ ಮೂರು ತಿಂಗಳ ಕೂಸೊಂದನ್ನು ಫಿಟ್ಸ್ ಬಂದು ಕರೆತಂದರು. ಕೊರಳಲ್ಲಿ ಆಗಲೇ ಎರಡು ತಾಯಿತ. ಬಾಲಗ್ರಹ ಅಂತ ಮಂತ್ರ ಹಾಕಿಸಿ ಎರಡು ದಿನ ಕಳೆದಿದ್ದರು. ಜ್ವರವಿಲ್ಲ, ಸೋಂಕಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ನೆಲ ಕಚ್ಚಿತ್ತು. ಕ್ಯಾಲ್ಸಿಯಂ ರಕ್ತನಾಳಕ್ಕೆ ಕೊಟ್ಟು, ಡಿ ಶುರು ಮಾಡಿದ ಮೇಲೆ ಕೂಸು ಎದೆಗೆ ಬಾಯಿ ಹಾಕಿತು. ತಾಯಿಯನ್ನು ಕೇಳಿದರೆ, ಏಳನೇ ತಿಂಗಳಿಂದ ತಾನು ಹೊಸ್ತಿಲು ದಾಟಿಲ್ಲ ಅಂದಳು. ಡಿ ಕೊರತೆ ಅಂದರೆ ನನ್ನ ಕಣ್ಣ ಮುಂದೆ ಬರುವುದು ಆ ಕೂಸು, ಪ್ಯಾಕೇಜಿನ ರಿಪೋರ್ಟ್ ಅಲ್ಲ.

ಆದ್ದರಿಂದ ನಿಮ್ಮ ತಂಗಿಯ ಕೂಸಿಗೆ ದಿನಕ್ಕೆ 400 ಯೂನಿಟ್ ಡಿ ಹನಿ, ಒಂದು ವರ್ಷ ತುಂಬುವವರೆಗೆ. ಭಾರತೀಯ ಮಕ್ಕಳ ವೈದ್ಯರ ಸಂಘ ಎಲ್ಲ ಕೂಸುಗಳಿಗೂ ಹೇಳುವುದು ಇದನ್ನೇ. ಇದಕ್ಕೆ ಟೆಸ್ಟ್ ಬೇಡ. ಒಂದು ಎಚ್ಚರ ಮಾತ್ರ ಬೇಕು. ಅಂಗಡಿಯಲ್ಲಿ ಒಂದು ಮಿಲೀಗೆ 400 ಯೂನಿಟ್ ಇರುವ ಬಾಟಲಿಯೂ ಸಿಗುತ್ತದೆ, 800 ಇರುವುದೂ ಸಿಗುತ್ತದೆ. ಬಾಟಲಿ ಬದಲಾದಾಗೆಲ್ಲ ಲೇಬಲ್ ಓದಬೇಕು, ಅದರ ಜೊತೆ ಬಂದ ಡ್ರಾಪರ್‌ನಲ್ಲೇ ಅಳೆಯಬೇಕು. ತಾಯಿಯಲ್ಲಿ ಮಟ್ಟ ಇಷ್ಟು ಕೆಳಗಿರುವುದರಿಂದ ಕೂಸನ್ನು ಒಮ್ಮೆ ಮಕ್ಕಳ ಡಾಕ್ಟರಿಗೆ ತೋರಿಸಿ. ಬೆಚ್ಚಿ ಬೀಳುವುದು, ಕೈಕಾಲು ಅದುರುವುದು, ಹಾಲು ಬಿಡುವುದು ಕಂಡರೆ ಅದೇ ದಿನ ಆಸ್ಪತ್ರೆಗೆ.

ತಂಗಿಗೆ ಚಿಕಿತ್ಸೆ ಖಂಡಿತ ಬೇಕು. 8 ಅಂದರೆ ಯಾರ ಗೆರೆ ಹಿಡಿದರೂ ಕೊರತೆಯೇ. ವಾರಕ್ಕೊಂದು ಪುಡಿ, ಡಾಕ್ಟರು ಹೇಳಿದಷ್ಟೇ ವಾರ, ಊಟದ ಜೊತೆ. ಜೊತೆಗೆ ಕ್ಯಾಲ್ಸಿಯಂ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ 14ನೇ ವಾರದಿಂದ ಹೆರಿಗೆಯಾಗಿ ಆರು ತಿಂಗಳವರೆಗೆ ದಿನಕ್ಕೆ ಎರಡು ಕ್ಯಾಲ್ಸಿಯಂ ಮಾತ್ರೆ ಪುಕ್ಕಟೆ ಕೊಡಬೇಕು ಅನ್ನುವ ನಿಯಮ 2014ರಿಂದಲೇ ಇದೆ. ಒಂದೊಂದರಲ್ಲಿ 500 ಮಿಲಿಗ್ರಾಂ ಕ್ಯಾಲ್ಸಿಯಂ, 250 ಯೂನಿಟ್ ಡಿ. ಆಶಾ ಕಾರ್ಯಕರ್ತೆಯನ್ನು ಕೇಳಿ. ಬಹಳ ಮನೆಗಳಲ್ಲಿ ಆ ಪಟ್ಟಿ ಬೀರುವಿನ ಮೇಲೆ ಧೂಳು ತಿನ್ನುತ್ತಿರುತ್ತದೆ. ಕಬ್ಬಿಣದ ಮಾತ್ರೆ ಮತ್ತು ಇದನ್ನು ಒಟ್ಟಿಗೆ ನುಂಗಬಾರದು, ಎರಡರ ನಡುವೆ ಕೆಲವು ತಾಸು ಬಿಡಬೇಕು.

ಅತ್ತೆಯವರಿಗೆ 21 ಸಾಕು. ಪುಡಿ ಬೇಡ. ವಯಸ್ಸಾದಂತೆ ಚರ್ಮದಲ್ಲಿ ಡಿ ತಯಾರಾಗುವುದು ಕಡಿಮೆಯಾಗುತ್ತದೆ ನಿಜ. ಹೊರಗೆ ಹೋಗುವುದೇ ಅಪರೂಪ ಎನ್ನುವುದಾದರೆ ದಿನಕ್ಕೆ 600 ಯೂನಿಟ್‌ನಂಥ ಚಿಕ್ಕ ಮಾತ್ರೆ ಕೊಡಬಹುದು. 'ವರ್ಷಕ್ಕೊಂದು ದೊಡ್ಡ ಇಂಜೆಕ್ಷನ್ ಹಾಕಿಸಿಬಿಡಿ, ತಲೆನೋವಿಲ್ಲ' ಅನ್ನುವವರ ಮಾತು ಕೇಳಬೇಡಿ. ಆಸ್ಟ್ರೇಲಿಯಾದಲ್ಲಿ ಎಪ್ಪತ್ತು ದಾಟಿದ ಎರಡು ಸಾವಿರ ಚಿಲ್ಲರೆ ಹೆಂಗಸರ ಮೇಲೆ ಪರೀಕ್ಷೆ ನಡೆಸಿ, ಅರ್ಧದಷ್ಟು ಜನರಿಗೆ ವರ್ಷಕ್ಕೊಮ್ಮೆ ಐದು ಲಕ್ಷ ಯೂನಿಟ್ ಕೊಟ್ಟರು. ಅವರೇ ಜಾಸ್ತಿ ಬಿದ್ದರು, ಅವರ ಮೂಳೆಯೇ ಜಾಸ್ತಿ ಮುರಿಯಿತು. 2010ರಲ್ಲಿ ಆ ಫಲಿತಾಂಶ ಬಂದಾಗ ನಮಗೆಲ್ಲ ನಂಬಲಿಕ್ಕೇ ಆಗಿರಲಿಲ್ಲ.

ನಿಮ್ಮ 14ರ ಬಗ್ಗೆ. ನಡುವಿನ ಜಾಗ ಅದು. ಕಾಲುನೋವು ಇರುವುದರಿಂದ ಎಂಟು ವಾರ ಪುಡಿ ಕುಡಿಯುವುದರಲ್ಲಿ ತಪ್ಪಿಲ್ಲ. ನಿಮ್ಮ ಡಾಕ್ಟರನ್ನು ನಾನು ದೂರುವುದಿಲ್ಲ. ಆದರೆ ನೋವಿಗೆ ಅದೇ ಕಾರಣ ಅಂತ ಒಪ್ಪಿಬಿಡಬೇಡಿ. ಡಿ ತೀರಾ ಇಳಿದು ಮೂಳೆ ಮೆತ್ತಗಾದರೆ ನೆಲದಿಂದ ಎದ್ದೇಳಲು ಕೈ ಊರಬೇಕಾಗುತ್ತದೆ. ಮೆಟ್ಟಿಲು ಹತ್ತಲು ತೊಡೆಯಲ್ಲಿ ಬಲವಿರುವುದಿಲ್ಲ. ಮೂಳೆಯನ್ನು ಒತ್ತಿದರೇ ನೋವು. ನಡಿಗೆ ಬಾತುಕೋಳಿಯಂತಾಗುತ್ತದೆ. ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಏರಿರುತ್ತದೆ. ಅದು ನಿಮ್ಮ ಪ್ಯಾಕೇಜಿನಲ್ಲೇ ಲಿವರ್ ಟೆಸ್ಟ್ ಕೆಳಗೆ ಇರುತ್ತದೆ, ಹುಡುಕಿ ನೋಡಿ. ಇದಾವುದೂ ಇಲ್ಲದೆ ಸಂಜೆ ಮಾತ್ರ ನೋವು ಅಂದರೆ ದಿನವಿಡೀ ಬೋರ್ಡಿನ ಮುಂದೆ ನಿಲ್ಲುವುದು, ಚಪ್ಪಲಿ, ತೂಕ, ರಕ್ತಹೀನತೆ, ಥೈರಾಯ್ಡ್, ಬಿ12 ಇವನ್ನೂ ನೋಡಬೇಕು. ಪುಡಿ ಮುಗಿದ ಮಾರನೇ ದಿನವೇ ಮತ್ತೆ ಟೆಸ್ಟ್‌ಗೆ ಓಡಬೇಡಿ, ಮೂರು ತಿಂಗಳಾದರೂ ಬಿಡಬೇಕು. ನಿಮ್ಮವರಿಗೆ 17, ತೊಂದರೆ ಏನೂ ಇಲ್ಲ ಅಂದರೆ ಊಟ ಮತ್ತು ಬಿಸಿಲು ಸಾಕು. ನಾನೂ ಒಮ್ಮೆ ಪುಕ್ಕಟೆ ಕ್ಯಾಂಪಿನಲ್ಲಿ ನೋಡಿಸಿಕೊಂಡೆ, ನನ್ನದೂ 17 ಬಂತು. ಏನೂ ಮಾಡಲಿಲ್ಲ. ಮಧ್ಯಾಹ್ನ ಊಟಕ್ಕೆ ಕಾರು ಬಿಟ್ಟು ನಡೆದು ಹೋಗಲು ಶುರು ಮಾಡಿದೆ ಅಷ್ಟೆ.

ಬಿಸಿಲೆಂದರೆ ಎಷ್ಟು? ನಮ್ಮ ಮೈಬಣ್ಣಕ್ಕೆ, ನೆರಳು ಗಿಡ್ಡವಿರುವ ಹೊತ್ತಿನಲ್ಲಿ, ಮುಖ ತೋಳು ಕಾಲು ತೆರೆದು ಅರ್ಧ ಗಂಟೆ, ವಾರದಲ್ಲಿ ಮೂರು ನಾಲ್ಕು ದಿನ. ಬಟ್ಟೆ ಒಣಹಾಕುವುದು, ಹಪ್ಪಳ ಸಂಡಿಗೆ ಕಾಯುವುದು, ಎಲ್ಲ ಲೆಕ್ಕಕ್ಕೆ ಬರುತ್ತವೆ. ಬಿಸಿಲಿನಿಂದ ಡಿ ಮಿತಿಮೀರುವ ಭಯವಿಲ್ಲ, ಹೆಚ್ಚಾದದ್ದನ್ನು ಬಿಸಿಲೇ ಒಡೆದುಹಾಕುತ್ತದೆ. ಮೊಟ್ಟೆ, ಮೀನು ತಿನ್ನುವವರಿಗೆ ಸ್ವಲ್ಪ ಸಿಗುತ್ತದೆ. ಕರಾವಳಿಯವರ ಬೂತಾಯಿ, ಬಂಗುಡೆ ಈ ವಿಷಯದಲ್ಲಿ ಗಟ್ಟಿ. ಸಸ್ಯಾಹಾರಿಗಳಿಗೆ ಊಟದಿಂದ ಸಿಗುವುದು ಇಲ್ಲ ಅನ್ನುವಷ್ಟು ಕಡಿಮೆ.

ಅದಕ್ಕೇ ಹಾಲು, ಎಣ್ಣೆಗೆ ಡಿ ಬೆರೆಸುವ ಯೋಚನೆ ಬಂದದ್ದು. ಪ್ಯಾಕೆಟ್ ಮೇಲೆ ನೀಲಿ ಬಣ್ಣದ 'ಪ್ಲಸ್ ಎಫ್' ಗುರುತು ಇದ್ದರೆ ಬೆರೆಸಿದ್ದಾರೆ ಅಂತ ಅರ್ಥ. ಹಾಲಿನಲ್ಲಿ ಲೀಟರಿಗೆ 200ರಿಂದ 300 ಯೂನಿಟ್. ಒಂದು ಲೋಟ ಕುಡಿದರೆ ಸಿಗುವುದು 40ರಿಂದ 60, ನಮಗೆ ಬೇಕಾದದ್ದು 600. ಅಂದರೆ ಇದೊಂದರಿಂದಲೇ ಬಗೆಹರಿಯುವುದಿಲ್ಲ. ಆದರೂ ನನ್ನ ಮತ ಇದಕ್ಕೇ. ಯಾರನ್ನೂ ಟೆಸ್ಟ್ ಮಾಡದೆ, ಯಾರಿಗೂ ರೋಗಿ ಅಂತ ಹೆಸರಿಡದೆ ಎಲ್ಲರಿಗೂ ಸ್ವಲ್ಪ ಸ್ವಲ್ಪ ತಲುಪುವ ದಾರಿ ಇದು. ಅಡ್ಡಿ ಏನೆಂದರೆ ತೀರಾ ಬಡವರು ಪ್ಯಾಕೆಟ್ ಹಾಲು ಕೊಳ್ಳುವುದಿಲ್ಲ. ಅವರಿಗೆ ಶಾಲೆಯ ಹಾಲು, ಅಂಗನವಾಡಿ, ಆಶಾ ಕೊಡುವ ಮಾತ್ರೆ ಇವೇ ದಿಕ್ಕು. ನಿಮ್ಮ ಮನೆಯ ನಾಲ್ಕು ಟೆಸ್ಟ್‌ಗೆ ಆದ ಖರ್ಚಿನಲ್ಲಿ ಎಷ್ಟೋ ಕೂಸುಗಳಿಗೆ ತಿಂಗಳುಗಟ್ಟಲೆ ಹನಿ ಹಾಕಬಹುದಿತ್ತು. ತಪ್ಪು ನಿಮ್ಮದಲ್ಲ, ಆಫರ್ ಹಾಗಿತ್ತು.

ಕೊನೆಗೆ ಮಗಳು. ಟೆಸ್ಟ್ ಬೇಡ. ಸಮೀಕ್ಷೆಯಲ್ಲಿ ಎಲ್ಲರಿಗಿಂತ ಹೆಚ್ಚು ಕೊರತೆ ಕಂಡದ್ದು ಅವಳ ವಯಸ್ಸಿನವರಲ್ಲೇ, ಅದು ನಿಜ. ಆದರೆ ಅದಕ್ಕೆ ಮದ್ದು ಲ್ಯಾಬಿನಲ್ಲಿಲ್ಲ. ಎರಡು ಲೋಟ ಹಾಲೋ ಮಜ್ಜಿಗೆಯೋ, ವಾರದಲ್ಲಿ ನಾಲ್ಕು ದಿನ ಅಂಗಳದಲ್ಲಿ ಖೋಖೋ. ಈ ವಯಸ್ಸಿನಲ್ಲಿ ಕಟ್ಟಿಕೊಂಡ ಮೂಳೆಯೇ ಅವಳಿಗೆ ಅರವತ್ತರವರೆಗೆ ಬಂಡವಾಳ. ಶಾಲೆಯಲ್ಲಿ ಪಿಟಿ ಪೀರಿಯಡ್ ಹನ್ನೊಂದು ಹನ್ನೆರಡರ ಹೊತ್ತಿಗೆ ಇದ್ದರೂ ಸಾಕು, ಕೆಲಸ ಆಗುತ್ತದೆ. ಆದರೆ ಒಂಬತ್ತನೇ ಕ್ಲಾಸಿನ ಪಿಟಿ ಪೀರಿಯಡ್ಡನ್ನು ಪೋರ್ಷನ್ ಮುಗಿದಿಲ್ಲ ಅಂತ ಯಾವ ಟೀಚರ್ ತೆಗೆದುಕೊಳ್ಳುತ್ತಾರೆ ಅಂತ ನಾನು ಹೇಳಬೇಕಾ? ಗಣಿತ ಶಿಕ್ಷಕಿ ಅಂತ ನೀವೇ ಬರೆದಿದ್ದೀರಿ.